ಡೇಟಾಬೇಸಿಗೂ ನಿದ್ದೆ ಬೇಕು

ಬಸವಕಲ್ಯಾಣ, ಹುಮನಾಬಾದ್ ಕಡೆಯ ರೈತರ ಮಕ್ಕಳಿಗೆ ಡೇಟಾಬೇಸ್ ಎಂದರೇನೆಂದು ತಿಳಿಸಲು ಪಹಣಿಯೊಂದೇ ಸಾಕು. ಭೂಮಿ ತಂತ್ರಾಂಶ ಬಂದು ಎರಡು ದಶಕ ದಾಟಿದೆ. ಸರ್ವೆ ನಂಬರ್ ಹೇಳಿದರೆ ದಾಖಲೆ ಅಚ್ಚಾಗಿ ಕೈಗೆ ಬರುತ್ತದೆ. ಕೇಳಿದ್ದಕ್ಕೆ ಉತ್ತರ ಕೊಡುವುದು ಡೇಟಾಬೇಸಿನ ಕಣ್ಣಿಗೆ ಕಾಣುವ ಕೆಲಸ. ಯಾರೂ ಏನೂ ಕೇಳದ ನಡುರಾತ್ರಿಯಲ್ಲೂ ಅದರೊಳಗೆ ಕೆಲವು ಪ್ರೋಸೆಸ್‌ಗಳು ಜೀವಂತವಾಗಿರುತ್ತವೆ. ಕಂಪ್ಯೂಟರ್ ಕಲಿಯಲು ಹೊಸದಾಗಿ ಬಂದವರಿಗೆ ಅವುಗಳ ನಿದ್ದೆ, ಎಚ್ಚರಗಳನ್ನು ಪರಿಚಯಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇರಲಿ. ಅದು ಉಚಿತ, ಕಾಲೇಜಿನ ಲ್ಯಾಬಿನಲ್ಲಿ ಯಾರು ಬೇಕಾದರೂ ಹಾಕಿಕೊಳ್ಳಬಹುದು.

ಮೊದಲು ಎರಡು ಪ್ರೋಸೆಸ್‌ಗಳನ್ನು ಗುರುತಿಸಿಕೊಳ್ಳಿ. ಮೆಮೊರಿಯಲ್ಲಿ ಬದಲಾದ ಪುಟಗಳನ್ನು ಸ್ವಲ್ಪಸ್ವಲ್ಪವಾಗಿ ಡಿಸ್ಕಿಗೆ ಬರೆಯುವುದು ಬ್ಯಾಕ್‌ಗ್ರೌಂಡ್ ರೈಟರ್. ಏನೇನು ಬದಲಾಯಿತೆಂಬ ಲಾಗನ್ನು ಡಿಸ್ಕಿಗೆ ಮುಟ್ಟಿಸುವುದು ವಾಲ್ ರೈಟರ್. ಎರಡಕ್ಕೂ ಮೊದಲೇ ನಿಗದಿಯಾದ ವಿರಾಮ 200 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ ಐದು ಸಲ ಎದ್ದು ‘ಕೆಲಸ ಇದೆಯೇ’ ಎಂದು ನೋಡುವುದು. ಹಿಂದೆ ಕೆಲಸವಿಲ್ಲದ ಒಂದು ಗಂಟೆಯಲ್ಲೂ ಒಂದೊಂದೂ 18,000 ಸಲ ಏಳುತ್ತಿತ್ತು.

ಎದ್ದು ಮಲಗಿದರೆ ನಷ್ಟವೇನು? ಇಂದಿನ ಪ್ರೊಸೆಸರ್ ಸುಮ್ಮನಿರುವಾಗ ಆಳವಾದ ನಿದ್ದೆಗೆ ಇಳಿದು ವಿದ್ಯುತ್ ಉಳಿಸುತ್ತದೆ. ಮೇಲಿಂದ ಮೇಲೆ ಎಬ್ಬಿಸಿದರೆ ಆ ಆಳಕ್ಕೆ ಇಳಿಯಲು ಅದಕ್ಕೆ ಪುರಸೊತ್ತೇ ಸಿಗದು. ಕರೆಂಟ್ ಹೋದಾಗ ಯುಪಿಎಸ್ ಅಥವಾ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಕೆಲಸ ಮಾಡುವವರು ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕಬಾರದು.

ಹಾಗಾದರೆ ವಿರಾಮವನ್ನೇ ಉದ್ದ ಮಾಡಬಹುದಲ್ಲ ಎಂದು ಹೊಸಬರು ಕೇಳುತ್ತಾರೆ. ಹುಮನಾಬಾದ್ ಬಸ್ ನಿಲ್ದಾಣದಲ್ಲಿ ತೂಕಡಿಸುತ್ತ ಕುಳಿತ ಪ್ರಯಾಣಿಕನನ್ನು ನೆನೆಯಿರಿ. ನಿಮಿಷಕ್ಕೊಮ್ಮೆ ಕಣ್ಣು ಬಿಟ್ಟರೆ ನಿದ್ದೆ ಇಲ್ಲ. ಗಂಟೆಗೊಮ್ಮೆ ಬಿಟ್ಟರೆ ಬಸ್ ಇಲ್ಲ. “ಕಲ್ಯಾಣದ ಬಸ್ ಬಂದ್ರ ಎಬ್ಬಸ್ರೀ ಸಾಹೇಬ್ರ” ಎಂದು ಕಂಟ್ರೋಲರಿಗೆ ಹೇಳಿ ಮಲಗಿದರೆ ಎರಡೂ ದಕ್ಕುತ್ತವೆ. ಕೆಲಸ ತಂದವರೇ ಎಬ್ಬಿಸಬೇಕು: ಈ ವಿಷಯದ ತಿರುಳು ಇಷ್ಟೇ.

ಆದರೆ ಎಬ್ಬಿಸುವುದರಲ್ಲಿ ಒಂದು ಅಪಾಯವಿದೆ. ಇಲ್ಲಿ ನಿಧಾನವಾಗಿ ಓದಿ. ಪ್ರೋಸೆಸ್ ‘ಕೆಲಸವಿಲ್ಲ’ ಎಂದು ನೋಡಿತು. ಇನ್ನೇನು ಮಲಗಬೇಕು, ಅಷ್ಟರಲ್ಲಿ ಕೆಲಸ ಬಂದು ಎಬ್ಬಿಸುವ ಕರೆಯೂ ಬಂದುಹೋಯಿತು. ಆಮೇಲೆ ಅದು ಮಲಗಿತು. ಕರೆ ವ್ಯರ್ಥ, ಕೆಲಸ ಬಾಕಿ. ಇದನ್ನು ತಪ್ಪಿಸಲು ಪೋಸ್ಟ್‌ಗ್ರೆಸ್‌ನ 9.1ನೇ ಆವೃತ್ತಿಯಲ್ಲಿ, 2011ರಲ್ಲಿ, ಲ್ಯಾಚ್ ಬಂದಿತು. ಎಬ್ಬಿಸುವವರು ಒಂದು ಗುರುತು ಹಾಕುತ್ತಾರೆ. ಅಳಿಸುವವರೆಗೂ ಅದು ಹಾಗೇ ಉಳಿಯುತ್ತದೆ. ಮಲಗಲು ಹೊರಟ ಪ್ರೋಸೆಸ್ ಗುರುತು ಕಂಡರೆ ಮಲಗದೆ ತಿರುಗುತ್ತದೆ. ಪಾಲಿಸಬೇಕಾದ ಕ್ರಮವೂ ಇದೆ: ಮೊದಲು ಗುರುತು ಅಳಿಸು, ಆಮೇಲೆ ಕೆಲಸ ಹುಡುಕು, ಕೊನೆಗೆ ಮಲಗು. ಹುಡುಕಿದ ಮೇಲೆ ಅಳಿಸಿದರೆ ನಡುವೆ ಬಂದ ಕರೆಯನ್ನೂ ಅಳಿಸಿದಂತೆ.

ಈ ಲ್ಯಾಚ್ ಸಿಕ್ಕಿದ್ದರಿಂದಲೇ 2012ರ 9.2ನೇ ಆವೃತ್ತಿಯಲ್ಲಿ ದೀರ್ಘ ನಿದ್ದೆ ಸಾಧ್ಯವಾಯಿತು. ಕೆಲಸವಿಲ್ಲದಾಗ ಬ್ಯಾಕ್‌ಗ್ರೌಂಡ್ ರೈಟರ್ ವಿರಾಮದ 50 ಪಟ್ಟು, ಅಂದರೆ 10 ಸೆಕೆಂಡ್ ಮಲಗುತ್ತದೆ. ವಾಲ್ ರೈಟರ್ 25 ಪಟ್ಟು, ಅಂದರೆ 5 ಸೆಕೆಂಡ್. ಗಂಟೆಗೆ 18,000 ಇದ್ದದ್ದು 360ಕ್ಕೂ 720ಕ್ಕೂ ಇಳಿಯಿತು.

ವಾಲ್ ರೈಟರ್ ವಿಷಯದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕಿತ್ತು. ಡಿಸ್ಕಿಗೆ ಮುಟ್ಟುವುದಕ್ಕೆ ಕಾಯದೆ ವ್ಯವಹಾರ ಮುಗಿಸುವ ಸೌಲಭ್ಯ ಪೋಸ್ಟ್‌ಗ್ರೆಸ್‌ನಲ್ಲಿದೆ. ಹಾಗೆ ಮುಗಿಸಿದ್ದು ಸರ್ವರ್ ಕುಸಿದರೆ ಕಳೆದುಹೋಗಬಹುದಾದ ಅವಧಿ ಹೆಚ್ಚೆಂದರೆ ವಿರಾಮದ ಮೂರು ಪಟ್ಟು ಎಂಬುದು ಅದು ಬಳಕೆದಾರರಿಗೆ ಕೊಟ್ಟ ಮಾತು. ವಾಲ್ ರೈಟರ್ 5 ಸೆಕೆಂಡ್ ನಿದ್ದೆಯಲ್ಲೇ ಉಳಿದರೆ ಆ ಮಾತು ಮುರಿಯುತ್ತದೆ. ಆದ್ದರಿಂದ ಅಂಥ ವ್ಯವಹಾರ ಮುಗಿಸುವ ಪ್ರೋಸೆಸ್ಸೇ ಅದನ್ನು ಎಬ್ಬಿಸಿ ಹೋಗುತ್ತದೆ. ವಿದ್ಯುತ್ ಉಳಿಸಲು ಹೋಗಿ ಕೊಟ್ಟ ಮಾತನ್ನು ಬಿಡಲಿಲ್ಲ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಈ ಸುಧಾರಣೆ ಅಲ್ಲಿಗೇ ನಿಂತಿಲ್ಲ. ಮುಖ್ಯ ಸರ್ವರ್ ಕೈಕೊಟ್ಟರೆ ಅದರ ಜಾಗಕ್ಕೆ ಬರಲು ಕಾಯುವ ಬದಲಿ ಸರ್ವರಿನಲ್ಲಿ ಒಂದು ಪ್ರೋಸೆಸ್, ಆ ಬಡ್ತಿಯನ್ನು ಸೂಚಿಸುವ ಫೈಲ್ ಬಂದಿದೆಯೇ ಎಂದು 5 ಸೆಕೆಂಡಿಗೊಮ್ಮೆ ಏಳುತ್ತಿತ್ತು. ಅದಕ್ಕಿಂತ ಒಳ್ಳೆಯ ದಾರಿ ಆಗಲೇ ಇದ್ದುದರಿಂದ 2023ರ 16ನೇ ಆವೃತ್ತಿಯಲ್ಲಿ ಆ ಸೌಲಭ್ಯವನ್ನೇ ತೆಗೆದುಹಾಕಿದರು.

ನನ್ನ ಮಾತನ್ನು ಹಾಗೇ ನಂಬಬೇಡಿ, ನೋಡಿ. ಲ್ಯಾಬಿನ ಪೋಸ್ಟ್‌ಗ್ರೆಸ್‌ನಲ್ಲಿ ಸ್ವಲ್ಪ ಹೊತ್ತು ಏನೂ ಮಾಡದೆ, ಆಮೇಲೆ ಯಾವ ಪ್ರೋಸೆಸ್ ಏನು ಮಾಡುತ್ತಿದೆ ಎಂದು ತೋರಿಸುವ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ ಎಂಬ ಪಟ್ಟಿ ತೆರೆಯಿರಿ. ಬ್ಯಾಕ್‌ಗ್ರೌಂಡ್ ರೈಟರ್ ಸಾಲಿನಲ್ಲಿ ‘ಬಿಜಿರೈಟರ್ ಹೈಬರ್ನೇಟ್’ ಎಂದಿದ್ದರೆ ಅದು ದೀರ್ಘ ನಿದ್ದೆಯಲ್ಲಿದೆ. ದೊಡ್ಡ ಟೇಬಲ್ಲೊಂದನ್ನು ತುಂಬಿಸಿ ಮತ್ತೆ ನೋಡಿ. ಆ ಹೆಸರು ಬದಲಾಗಿರುತ್ತದೆ.

ಇನ್ನು ನಿಮ್ಮ ಪ್ರಾಜೆಕ್ಟ್. ಹೊಸ ಅರ್ಜಿ ಬಂತೇ ಎಂದು ಸೆಕೆಂಡಿಗೊಮ್ಮೆ ಟೇಬಲ್ ಕೆದಕುವ ಲೂಪ್ ಅದರಲ್ಲಿದ್ದರೆ ಇಂದೇ ತೆಗೆಯಿರಿ. ಲಿಸನ್, ನೋಟಿಫೈ ಎಂಬ ಎರಡು ಆದೇಶಗಳು ಪೋಸ್ಟ್‌ಗ್ರೆಸ್‌ನಲ್ಲೇ ಇವೆ. ಅರ್ಜಿ ಸೇರಿಸುವವರು ನೋಟಿಫೈ ಕೊಟ್ಟು ಎಬ್ಬಿಸಲಿ, ಕಾಯುವವರು ಲಿಸನ್ ಕೊಟ್ಟು ಆ ಕರೆಗೆ ಕಿವಿಗೊಡಲಿ. ಮೊದಲು ಲಿಸನ್ ಕೊಡಿ, ಆಮೇಲೆ ಒಮ್ಮೆ ಟೇಬಲ್ ನೋಡಿ, ನಂತರವೇ ಕಾಯಲು ಕೂಡಿ. ಈ ಕ್ರಮ ತಪ್ಪಿಸಬೇಡಿ.