ಒಂದು ರೂಪಾಯಿಯ ಸಂದೇಶ ಕಲಿಸಿದ ಪಾಠ

2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ನಡೆದ ಕೆಲವೇ ದಿನಗಳಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ಸಂದೇಶ ಬಂತು. ಸೇನೆಯ ಆಧುನೀಕರಣಕ್ಕಾಗಿ ಸರ್ಕಾರ ಬ್ಯಾಂಕ್ ಖಾತೆ ತೆರೆದಿದೆ, ಪ್ರತಿಯೊಬ್ಬರೂ ದಿನಕ್ಕೆ ಒಂದು ರೂಪಾಯಿ ಹಾಕಿ ಎಂದು ಅದರಲ್ಲಿತ್ತು. ನಾನು ಪೂರ್ತಿ ಓದದೆ ಅದನ್ನು ಇನ್ನೂ ಮೂರು ಗ್ರೂಪುಗಳಿಗೆ ಕಳುಹಿಸಿದೆ. ನನ್ನ ಚಾಚಾ ಇಡೀ ವರ್ಷದ್ದನ್ನು ಒಟ್ಟಿಗೆ ಕೊಡೋಣವೆಂದು 365 ರೂಪಾಯಿ ಹಾಕಲು ಹೋದರು. ಹಣ ಹೋಗಲಿಲ್ಲ. "ಬೇಟಾ, ನೀನು ಕಾಮರ್ಸ್ ಓದುವವನು. ಕಳಿಸೋ ಮೊದಲು ಒಂದು ಸಲ ನೋಡಬಾರದಿತ್ತಾ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಏಪ್ರಿಲ್ 27ರಂದು ರಕ್ಷಣಾ ಸಚಿವಾಲಯ ಆ ಸಂದೇಶ ದಾರಿ ತಪ್ಪಿಸುವಂಥದ್ದು ಎಂದು ಪ್ರಕಟಿಸಿತು. ಖಾತೆಯ ವಿವರ ತಪ್ಪಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಅಂಥ ನಿಧಿ ಇರುವುದು ಆಯುಧ ಕೊಳ್ಳುವುದಕ್ಕಲ್ಲ. ಕಾರ್ಯಾಚರಣೆಯಲ್ಲಿ ಪ್ರಾಣ ಕೊಟ್ಟ ಅಥವಾ ತೀವ್ರವಾಗಿ ಗಾಯಗೊಂಡ ಸೈನಿಕರ ಕುಟುಂಬಗಳಿಗೆ ನೆರವಾಗುವುದಕ್ಕೆ.

ಆಮೇಲೆ ಸಂದೇಶದ ಲೆಕ್ಕವನ್ನೂ ನೋಡಿದೆ. 130 ಕೋಟಿ ಜನರಲ್ಲಿ ಶೇ. 70ರಷ್ಟು ಜನ ಒಂದೊಂದು ರೂಪಾಯಿ ಕೊಟ್ಟರೆ ದಿನಕ್ಕೆ 100 ಕೋಟಿ, ವರ್ಷಕ್ಕೆ 36,000 ಕೋಟಿ ಎಂದಿತ್ತು. ಆದರೆ 130 ಕೋಟಿಯ ಶೇ. 70 ಎಂದರೆ 91 ಕೋಟಿ. ವರ್ಷಕ್ಕೆ 33,215 ಕೋಟಿ. ವ್ಯತ್ಯಾಸ 2,785 ಕೋಟಿ ರೂಪಾಯಿ! 

ಹಾಗೆಂದು ಸಾಮಾಜಿಕ ಜಾಲತಾಣವೇ ಕೆಟ್ಟದ್ದಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತಕ್ಕೆ 10 ಸೈನಿಕರು ಸಿಲುಕಿದರು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರು. ಆರು ದಿನ ಹಿಮದಡಿ ಇದ್ದು ಜೀವಂತವಾಗಿ ಸಿಕ್ಕ ಅವರು ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಇಡೀ ದೇಶ ಮೊಬೈಲಿನಲ್ಲಿ ಅವರ ಸುದ್ದಿಗಾಗಿ ಕಾಯುತ್ತಿತ್ತು. ಆ ಘಟನೆಯ ನಂತರ ಸೈನಿಕರ ಕುಟುಂಬಗಳಿಗೆ ನೆರವು ಕೊಡಲು ಮುಂದೆ ಬಂದವರು ಬಹಳ ಮಂದಿ.

2017ರ ಜನವರಿಯಲ್ಲಿ ನಟ ಅಕ್ಷಯ್ ಕುಮಾರ್ ಒಂದು ವಿಡಿಯೊ ಹಾಕಿ, ಹುತಾತ್ಮರ ಕುಟುಂಬಕ್ಕೆ ಜನರು ನೇರವಾಗಿ ಹಣ ಕೊಡುವ ವ್ಯವಸ್ಥೆ ಬೇಕೆಂದರು. ಅದೇ ವರ್ಷ ಏಪ್ರಿಲ್ 9ರಂದು ಗೃಹ ಸಚಿವಾಲಯದ 'ಭಾರತ್ ಕೆ ವೀರ್' ಆರಂಭವಾಯಿತು. ಇದು ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಪಡೆಗಳವರಿಗೆ. ಮೂರು ಸೇನೆಗಳ ನಿಧಿಗಾಗಿ 2022ರ ಅಕ್ಟೋಬರ್ 14ರಂದು 'ಮಾ ಭಾರತಿ ಕೆ ಸಪೂತ್' ಜಾಲತಾಣ ಬಂತು. ಸಪೂತ್ ಎಂದರೆ ಒಳ್ಳೆಯ ಮಗ.

ಇವುಗಳಿಂದ ನಾವು ಕಲಿಯಬಹುದಾದ ಅಂಶಗಳು ಹೀಗಿವೆ:

1. ಉದ್ದೇಶ ಸ್ಪಷ್ಟವಾಗಿರಬೇಕು. 'ಸೇನೆಗೆ' ಎಂದರೆ ಸಾಲದು. ಯಾರಿಗೆ, ಯಾವುದಕ್ಕೆ ಎಂದು ಹೇಳಬೇಕು.

2. ಹಣ ಹೋಗುವ ದಾರಿ ತಿಳಿದಿರಬೇಕು. ಖಾತೆ ಸಂಖ್ಯೆಯನ್ನು ಫಾರ್ವರ್ಡ್ ಮಾಡುವ ಬದಲು ಸರ್ಕಾರಿ ಜಾಲತಾಣದ ಹೆಸರು ಕೊಡಬೇಕು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಬರುವ ಹೆಸರನ್ನು ಓದಿದ ಮೇಲೆಯೇ ಪಿನ್ ಒತ್ತಬೇಕು.

3. ಹಂಚಿಕೆ ನ್ಯಾಯವಾಗಿರಬೇಕು. ಸುದ್ದಿಯಲ್ಲಿರುವ ಮನೆಗೇ ಎಲ್ಲರೂ ಕೊಡುತ್ತಾರೆ, ಸುದ್ದಿಯಾಗದ ಮನೆ ಉಳಿದುಬಿಡುತ್ತದೆ. ಅದಕ್ಕೇ 'ಭಾರತ್ ಕೆ ವೀರ್' ಒಂದು ಕುಟುಂಬಕ್ಕೆ 15 ಲಕ್ಷ ರೂಪಾಯಿಯ ಮಿತಿ ಇಟ್ಟಿತು. ಮಿತಿ ತಲುಪಿದರೆ ದಾನಿಗೆ ತಿಳಿಸಿ, ಬೇರೆ ಕುಟುಂಬಕ್ಕೆ ಕೊಡುವ ಅವಕಾಶ ಕೊಡುತ್ತದೆ.

4. ಲೈಕ್ ಎಂದರೆ ಆದಾಯವಲ್ಲ. ಉದಾಹರಣೆಗೆ, ಒಂದು ಪೋಸ್ಟನ್ನು 1,000 ಜನ ನೋಡಿ, 100 ಜನ ಲೈಕ್ ಒತ್ತಿ, 5 ಜನ ತಲಾ 50 ರೂಪಾಯಿ ಕೊಟ್ಟರೆ ನಿಧಿಗೆ ಸೇರಿದ್ದು 250 ರೂಪಾಯಿ ಮಾತ್ರ. ಪುಸ್ತಕದಲ್ಲಿ ಬರೆಯಬೇಕಾದದ್ದು ಅದನ್ನೇ.

5. ಅಳುತ್ತಿರುವ ತಾಯಿಯ, ಮಕ್ಕಳ ಚಿತ್ರ ಹಾಕಿ ಹಣ ಕೇಳಬಾರದು. ಕೊಡುವವರ ಮನ ಕರಗಿಸಲು ಪಡೆಯುವವರ ಮಾನ ಕಳೆಯಬಾರದು.

ನಮ್ಮ ಕಾಲೇಜಿಗೆ ಒಂದು ಸಲಹೆ ಇದೆ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದುಬಂದಿದೆ. ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣದ ಪುಟ್ಟ ಧ್ವಜ ಕೊಟ್ಟು ಸಂಗ್ರಹಿಸುವ ಹಣ ಹುತಾತ್ಮರ ಕುಟುಂಬ ಮತ್ತು ಮಾಜಿ ಸೈನಿಕರ ಕಲ್ಯಾಣಕ್ಕೆ ಹೋಗುತ್ತದೆ. ಕಾಮರ್ಸ್ ವಿಭಾಗದವರು ಉಪನ್ಯಾಸಕರ ಒಪ್ಪಿಗೆ ಪಡೆದು, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ವಿಚಾರಿಸಿ, ಆ ವಾರ ನಮ್ಮ ಸ್ಟೇಟಸ್‌ಗಳಲ್ಲಿ ಸರಿಯಾದ ಮಾಹಿತಿ ಹಾಕೋಣ. ಕೊನೆಗೆ ಎಷ್ಟು ಬಂತು, ಎಲ್ಲಿಗೆ ಕಟ್ಟಿದೆವು ಎಂಬುದನ್ನು ರಸೀದಿ ಸಮೇತ ನೋಟಿಸ್ ಬೋರ್ಡಿಗೆ ಹಾಕೋಣ.

ಕನ್ನಡ ಪತ್ರಿಕೆಗಳಲ್ಲಿ 'ಅಮಾನತು' ಎಂದರೆ ನೌಕರನನ್ನು ಕೆಲಸದಿಂದ ದೂರವಿಡುವುದು. ನಮ್ಮ ಮನೆಯ ಉರ್ದುವಿನಲ್ಲಿ 'ಅಮಾನತ್' ಎಂದರೆ ಒಬ್ಬರು ನಂಬಿ ನಮ್ಮ ಕೈಗೆ ಕೊಟ್ಟದ್ದು. ಚಾಚಾ ಕೊಡಲು ಹೊರಟ 365 ರೂಪಾಯಿ ಅಂಥದ್ದು. ಆ ಮೂರು ಗ್ರೂಪುಗಳಿಗೂ ನಾನು ತಪ್ಪೊಪ್ಪಿಕೊಂಡು ಸಚಿವಾಲಯದ ಸ್ಪಷ್ಟನೆ ಕಳುಹಿಸಿದೆ. ಈ ಡಿಸೆಂಬರ್‌ನಲ್ಲಿ ಚಾಚಾನಿಗೆ ಸರಿಯಾದ ದಾರಿಯನ್ನು ನಾನೇ ತೋರಿಸುತ್ತೇನೆ.