ವೀಸಾದ ಹಣ ಖರ್ಚಿನ ಹಣವಲ್ಲ

ಥಾಯ್ಲೆಂಡಿನಲ್ಲಿ ನಿವೃತ್ತಿಯ ದಿನಗಳನ್ನು ಕಳೆಯೋಣವೆಂದು ಲೆಕ್ಕ ಹಾಕುತ್ತಿರುವ ಸ್ನೇಹಿತರೇ, ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ವೀಸಾಕ್ಕೆಂದು ಅಲ್ಲಿನ ಬ್ಯಾಂಕಿನಲ್ಲಿ ಇಡುವ 8,00,000 ಬಾತ್ ಹಣವನ್ನು ನಿಮ್ಮ ಜೀವನ ಖರ್ಚಿನ ಲೆಕ್ಕಕ್ಕೆ ಸೇರಿಸಬೇಡಿ. ಅದು ನಿಮ್ಮ ಹೆಸರಿನಲ್ಲೇ ಇರುತ್ತದೆ, ಪಾಸ್‌ಬುಕ್ಕೂ ನಿಮ್ಮ ಬಳಿಯೇ ಇರುತ್ತದೆ, ಅಷ್ಟಿಷ್ಟು ಬಡ್ಡಿಯೂ ಬರುತ್ತದೆ. ಆದರೂ ಆ ಹಣ ಇಲ್ಲವೆಂದೇ ತಿಳಿದು ಬಾಳಲು ಸಾಧ್ಯವಿದ್ದರೆ ಮಾತ್ರ ಹೊರಡಿ. ಇಲ್ಲದಿದ್ದರೆ ವರ್ಷಕ್ಕೆ ಎರಡು ತಿಂಗಳು ಹೋಗಿ ಸಂತೋಷವಾಗಿ ಸುತ್ತಿ ಬನ್ನಿ, ಅದರಲ್ಲಿ ಕಡಿಮೆಯೇನೂ ಇಲ್ಲ.

ನಿಯಮ ಹೀಗಿದೆ. ಐವತ್ತು ತುಂಬಿದವರು ನಾನ್-ಇಮಿಗ್ರೆಂಟ್ ‘ಓ’ ವೀಸಾದ ಮೇಲೆ ಹೋಗಿ, ನಿವೃತ್ತಿಯ ಆಧಾರದ ಮೇಲೆ ವರ್ಷವರ್ಷವೂ ವಾಸದ ಅನುಮತಿಯನ್ನು ವಿಸ್ತರಿಸಿಕೊಳ್ಳಬಹುದು. ಅದಕ್ಕೆ ಥಾಯ್ ಬ್ಯಾಂಕಿನಲ್ಲಿ 8,00,000 ಬಾತ್ ಠೇವಣಿ ಇರಬೇಕು, ಅಥವಾ ತಿಂಗಳಿಗೆ 65,000 ಬಾತ್ ಆದಾಯ ಇರಬೇಕು, ಅಥವಾ ಠೇವಣಿ ಮತ್ತು ವರ್ಷದ ಆದಾಯ ಎರಡೂ ಸೇರಿ 8,00,000 ಆಗಬೇಕು. ಠೇವಣಿಯ ದಾರಿ ಹಿಡಿದವರಿಗೆ 2019ರಿಂದ ಇನ್ನೊಂದು ಕಟ್ಟಳೆ ಬಂತು. ಅರ್ಜಿಗೆ ಎರಡು ತಿಂಗಳು ಮೊದಲಿನಿಂದ ಆ ಹಣ ಪೂರ್ತಿ ಇರಬೇಕು, ಅನುಮತಿ ಸಿಕ್ಕ ಮೇಲೆಯೂ ಮೂರು ತಿಂಗಳು ಹಾಗೆಯೇ ಇರಬೇಕು, ಆಮೇಲೂ ಯಾವ ದಿನವೂ 4,00,000ಕ್ಕಿಂತ ಕೆಳಗೆ ಇಳಿಯಬಾರದು.

ಇದನ್ನು ಓದಿದ ಕೂಡಲೇ ನಮ್ಮವರ ತಲೆ ಓಡುವುದೇ ಉಳಿದ ಏಳು ತಿಂಗಳ ಕಡೆಗೆ. ಆ ಅವಧಿಯಲ್ಲಿ ಅರ್ಧ ಹಣ ತೆಗೆದು ಬಳಸಿ, ಮತ್ತೆ ಹೊತ್ತಿಗೆ ಸರಿಯಾಗಿ ತುಂಬಿಸಿದರೆ ಆಯಿತಲ್ಲ ಎನ್ನುತ್ತಾರೆ. ಕಾನೂನು ಬೇಡ ಅನ್ನುವುದಿಲ್ಲ. ಆದರೆ ನಾನು ಬೇಡ ಅನ್ನುತ್ತೇನೆ. ಮತ್ತೆ ತುಂಬಿಸಬೇಕಾದ ದಿನ ನಿಮ್ಮ ಕೈಯಲ್ಲಿಲ್ಲ, ಎರಡು ದೇಶಗಳ ಬ್ಯಾಂಕುಗಳ ಕೈಯಲ್ಲಿದೆ. ನಿಮ್ಮ ವಿಸ್ತರಣೆ ಜೂನ್ ಮಧ್ಯದಲ್ಲಿ ಬೀಳುತ್ತದೆ ಅನ್ನಿ. ಹಾಗಾದರೆ ಏಪ್ರಿಲ್ ಮಧ್ಯದೊಳಗೆ ಹಣ ಅಲ್ಲಿ ಕೂತಿರಬೇಕು. ನಮ್ಮಲ್ಲಿ ಮಾರ್ಚ್ ಕೊನೆಗೆ ಆರ್ಥಿಕ ವರ್ಷ ಮುಗಿಯುವ ಗದ್ದಲ, ಏಪ್ರಿಲ್ 1ಕ್ಕೆ ಬ್ಯಾಂಕು ಲೆಕ್ಕ ಮುಗಿಸುವ ರಜೆ. ಅಲ್ಲಿ ಏಪ್ರಿಲ್ 13ರಿಂದ 15ರವರೆಗೆ ಸೊಂಗ್‌ಕ್ರಾನ್ ಹಬ್ಬ, ಊರಿಗೆ ಊರೇ ನೀರಾಟದಲ್ಲಿರುತ್ತದೆ. ನಡುವೆ ನಿಮ್ಮ ಬ್ಯಾಂಕು ‘ಹಣದ ಮೂಲಕ್ಕೆ ಇನ್ನೊಂದು ದಾಖಲೆ ಕೊಡಿ’ ಎಂದು ಕೇಳಿತೋ, ಹತ್ತು ದಿನ ಹೋಯಿತು. ಎರಡು ತಿಂಗಳ ಲೆಕ್ಕದಲ್ಲಿ ಎರಡು ದಿನ ಕಡಿಮೆಯಾದರೂ ಇಮಿಗ್ರೇಷನ್ ಕಚೇರಿಯ ಅಧಿಕಾರಿ ಕ್ಷಮಿಸಬೇಕಾಗಿಲ್ಲ. ಅರವತ್ತೆಂಟರ ವಯಸ್ಸಿನಲ್ಲಿ ಈ ಆತಂಕ ಯಾಕೆ ಬೇಕು? ಪೂರ್ತಿ ಹಣವನ್ನು ಒಂದು ಪ್ರತ್ಯೇಕ ಖಾತೆಯಲ್ಲಿ ಇಟ್ಟು, ಅದರ ಎಟಿಎಂ ಕಾರ್ಡನ್ನೂ ಪಡೆಯದೆ, ಮರೆತುಬಿಡಿ. ಬಾಡಿಗೆ, ತರಕಾರಿ, ಔಷಧಿಗೆ ಬೇರೆಯೇ ಖಾತೆ ಇರಲಿ. ಒಂದೇ ಸಮಾಧಾನವೆಂದರೆ, ಅಲ್ಲಿನ ಠೇವಣಿ ರಕ್ಷಣೆಯ ಮಿತಿ 2021ರ ಆಗಸ್ಟಿನಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 10,00,000 ಬಾತ್. ನಿಮ್ಮ ಎಂಟು ಲಕ್ಷ ಅದರೊಳಗೇ ಬರುತ್ತದೆ.

ಈ ಎಂಟು ಲಕ್ಷ ಬಾತ್ ಎಂದರೆ ನಮ್ಮ ರೂಪಾಯಿಯಲ್ಲಿ ಇಪ್ಪತ್ತು ಲಕ್ಷಕ್ಕೂ ಮೇಲೆ. ಭವಿಷ್ಯನಿಧಿಯ ಹಣ ಬಂದ ಖುಷಿಯಲ್ಲಿ ಅದು ದೊಡ್ಡ ಮೊತ್ತವಾಗಿ ಕಾಣದು. ನಾಲ್ಕು ವರ್ಷ ಕಳೆದ ಮೇಲೆ ಕಾಣುತ್ತದೆ. ನಿಮ್ಮ ಪಿಂಚಣಿ ರೂಪಾಯಿಯಲ್ಲಿ, ಖರ್ಚು ಬಾತ್‌ನಲ್ಲಿ. 2011ರಲ್ಲಿ ಡಾಲರಿಗೆ 45 ರೂಪಾಯಿಯ ಆಸುಪಾಸಿನಲ್ಲಿದ್ದ ದರ 2024ರ ಕೊನೆಗೆ 85 ದಾಟಿತ್ತು. ಬಾತ್ ಅಷ್ಟು ಕುಸಿದಿಲ್ಲ. ಇವತ್ತು ಪಿಂಚಣಿ ಖರ್ಚಿಗೆ ಸರಿಯಾಗಿ ಸಾಲುತ್ತಿದೆ ಅನ್ನುವವರಿಗೆ ನಾಳೆ ಸಾಲುವುದಿಲ್ಲ. ಮೂರನೆಯ ಒಂದು ಭಾಗ ಮಿಗುವ ಹಾಗಿದ್ದರೆ ಮಾತ್ರ ಧೈರ್ಯ ಮಾಡಬಹುದು ಎನ್ನುವುದು ನನ್ನ ಅಂದಾಜು. ತಿಂಗಳಿಗೆ 65,000 ಬಾತ್ ತರಿಸುವ ದಾರಿಯನ್ನು ರೂಪಾಯಿ ಪಿಂಚಣಿ ನಂಬಿದವರಿಗೆ ನಾನು ಹೇಳುವುದೇ ಇಲ್ಲ. ಹನ್ನೆರಡು ತಿಂಗಳಲ್ಲಿ ಒಂದು ತಿಂಗಳು ದರ ಇಳಿದು 64,300 ಬಂದರೂ ಇಡೀ ವರ್ಷದ ಸಾಕ್ಷ್ಯ ಕುಂಟುತ್ತದೆ.

ಇನ್ನು ಹಣ ಕಳಿಸುವ ವಿಷಯ. ಅದಕ್ಕೂ ಮೊದಲು ನಿಮ್ಮ ಬ್ಯಾಂಕಿಗೆ ನೀವು ಯಾರು ಎಂಬುದನ್ನು ಸರಿಯಾಗಿ ಹೇಳಿ. ಇಲ್ಲಿ ಎಡವುವವರೇ ಹೆಚ್ಚು. ಅನಿರ್ದಿಷ್ಟ ಕಾಲಕ್ಕೆ ನೆಲೆಸಲೆಂದು ದೇಶ ಬಿಟ್ಟವರು ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಪ್ರಕಾರ ಅನಿವಾಸಿಗಳು. ಮಲ್ಲೇಶ್ವರದ ಶಾಖೆಯಲ್ಲಿ ಮೂವತ್ತು ವರ್ಷದಿಂದ ಇರುವ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ‘ಮ್ಯಾನೇಜರ್ ಪರಿಚಯದವರು, ಹಾಗೇ ಇರಲಿ ಅಂದರು’ ಎಂಬ ಮಾತು ನಾಳೆ ಕೆಲಸಕ್ಕೆ ಬಾರದು. ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದಾದ ಎಲ್‌ಆರ್‌ಎಸ್ ಸೌಲಭ್ಯ ನಿವಾಸಿಗಳಿಗೆ ಮಾತ್ರ ಇರುವುದು. ಅದರಲ್ಲಿ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ, ಓದು ಮತ್ತು ಚಿಕಿತ್ಸೆಯಂಥ ಕಾರಣ ಬಿಟ್ಟರೆ, ಶೇಕಡಾ 20 ತೆರಿಗೆಯನ್ನು ಬ್ಯಾಂಕು ಮುಂಚಿತವಾಗಿ ಹಿಡಿಯುತ್ತದೆ. ರಿಟರ್ನ್ಸ್ ಸಲ್ಲಿಸಿದಾಗ ಅದು ಹೊಂದಾಣಿಕೆಯಾಗುತ್ತದೆ, ನಿಜ. ಆದರೆ ಅಲ್ಲಿಯವರೆಗೆ ಲಕ್ಷಗಟ್ಟಲೆ ಹಣ ಕಟ್ಟಿಹಾಕಿದಂತೆ. ಅನಿವಾಸಿಗಳಿಗೆ ಇರುವ ದಾರಿ ಬೇರೆ. ಎನ್‌ಆರ್‌ಒ ಖಾತೆಯಿಂದ ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಕಳಿಸಬಹುದು. ಪಿಂಚಣಿ, ಬಾಡಿಗೆ, ಬಡ್ಡಿಯಂಥ ಚಾಲ್ತಿ ಆದಾಯ ಆ ಮಿತಿಯ ಹೊರಗಿನದು. ತೆರಿಗೆ ಕಟ್ಟಿದ್ದಕ್ಕೆ ನಿಮ್ಮ ಘೋಷಣೆ ಮತ್ತು ಲೆಕ್ಕಪರಿಶೋಧಕರ ಪ್ರಮಾಣಪತ್ರ ಬೇಕು, ಬ್ಯಾಂಕಿನವರು 15ಸಿಎ, 15ಸಿಬಿ ಎಂದು ಕರೆಯುತ್ತ ಬಂದಿರುವ ಕಾಗದಗಳು ಅವು. ಒಬ್ಬ ಒಳ್ಳೆಯ ಲೆಕ್ಕಪರಿಶೋಧಕರನ್ನು ಹೊರಡುವ ಮುಂಚೆಯೇ ಗೊತ್ತು ಮಾಡಿಕೊಳ್ಳಿ.

ಇಲ್ಲಿಯವರೆಗೆ ಬಡ್ಡಿಗೆ ತೆರಿಗೆ ಹಿಡಿಯದಂತೆ ಕೊಡುತ್ತಿದ್ದ 15ಎಚ್ ನಮೂನೆ ಇನ್ನು ನಡೆಯುವುದಿಲ್ಲ, ಅದು ನಿವಾಸಿ ಹಿರಿಯರಿಗೆ. ಎನ್‌ಆರ್‌ಒ ಠೇವಣಿಯ ಬಡ್ಡಿಗೆ ಶೇಕಡಾ 30, ಮೇಲೆ ಸೆಸ್, ಮೂಲದಲ್ಲೇ ಹೋಗುತ್ತದೆ. ಈ ಒಂದು ಅಂಶ ನಿಮ್ಮ ತಿಂಗಳ ಲೆಕ್ಕವನ್ನೇ ಬದಲಿಸಬಹುದು.

ರೂಪಾಯಿಯನ್ನು ಭಾರತದಲ್ಲೇ ಬಾತ್ ಮಾಡಿಸಿ ಕಳಿಸುವುದಕ್ಕಿಂತ, ಡಾಲರ್ ಮಾಡಿಸಿ ಕಳಿಸಿ ಅಲ್ಲಿ ಬಾತ್‌ಗೆ ಬದಲಿಸಿಕೊಂಡರೆ ಸಾಮಾನ್ಯವಾಗಿ ಹೆಚ್ಚು ಕೈಗೆ ಸಿಗುತ್ತದೆ. ಎರಡೂ ರೀತಿಯ ದರ ಕೇಳಿ ಹೋಲಿಸಿ ನೋಡಿ. ಬ್ಯಾಂಕಿನವರು ಹೇಳುವ ಶುಲ್ಕಕ್ಕಿಂತ ದರದಲ್ಲಿ ಅಡಗಿರುವ ಅಂತರವೇ ದೊಡ್ಡದು. ನಡುವಿನ ಬ್ಯಾಂಕು ಶುಲ್ಕ ಮುರಿದುಕೊಳ್ಳುವುದೂ ಉಂಟು, ಆದ್ದರಿಂದ ವೀಸಾದ ಮೊತ್ತ ಕಳಿಸುವಾಗ ಹತ್ತಿಪ್ಪತ್ತು ಸಾವಿರ ಬಾತ್ ಹೆಚ್ಚಿಗೆ ಸೇರಿಸಿ. ಹಣ ಬಂದಾಗ ಥಾಯ್ ಬ್ಯಾಂಕಿನಿಂದ ಕ್ರೆಡಿಟ್ ಅಡ್ವೈಸ್ ಪತ್ರ ಕೇಳಿ ಪಡೆಯಿರಿ, ಪಾಸ್‌ಬುಕ್ಕಿನಲ್ಲಿ ಹೊರದೇಶದಿಂದ ಬಂದದ್ದೆಂಬ ಗುರುತು ಬಿದ್ದಿದೆಯೇ ನೋಡಿ. ಬ್ಯಾಂಕಾಕ್ ಬ್ಯಾಂಕಿನ ಪುಸ್ತಕದಲ್ಲಾದರೆ ಅದು ‘ಎಫ್‌ಟಿಟಿ’ ಎಂದಿರುತ್ತದೆ. ಆ ಪತ್ರಗಳನ್ನು ಒಂದೂ ಬಿಡದೆ ಒಂದು ಫೈಲಿನಲ್ಲಿ ಹಾಕಿಡಿ. ಅರ್ಜಿ ಕೊಡುವ ದಿನ ಪಾಸ್‌ಬುಕ್ ಹೊಸದಾಗಿ ಮುದ್ರಿಸಿಕೊಂಡೇ ಕಚೇರಿಗೆ ಹೋಗಿ. ಬ್ಯಾಂಕಾಕಿನ ಚೇಂಗ್ ವಟ್ಟನ ಕಚೇರಿ ಕೇಳುವುದಕ್ಕೂ ಚಿಯಾಂಗ್ ಮಾಯ್ ಕಚೇರಿ ಕೇಳುವುದಕ್ಕೂ ವ್ಯತ್ಯಾಸ ಇರುತ್ತದೆ, ನಿಮ್ಮ ಊರಿನ ಕಚೇರಿಯ ಪಟ್ಟಿಯನ್ನೇ ನಂಬಿ.

ನಿಮ್ಮ ಭಾರತದ ಸಿಮ್ ಸಾಯಲು ಬಿಡಬೇಡಿ. ಒಟಿಪಿ ಬರದೆ ಸ್ವಂತ ಹಣ ಮುಟ್ಟಲಾಗದೆ ಕೂತ ಹಿರಿಯರನ್ನು ನೋಡಿದ್ದೇನೆ.

ಎರಡು ಆಮಿಷಗಳ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಪರಿಚಯದ ಯಾರೋ ಬರುತ್ತಾರೆ: ‘ಬೆಂಗಳೂರಿನಲ್ಲಿ ನನ್ನ ತಮ್ಮನಿಗೆ ರೂಪಾಯಿ ಕೊಟ್ಟುಬಿಡಿ ಸಾರ್, ಇಲ್ಲಿ ಬಾತ್ ನಾನು ಕೊಡ್ತೀನಿ, ಒಳ್ಳೆಯ ದರ.’ ಇದು ಹವಾಲಾ. ಮನುಷ್ಯ ಒಳ್ಳೆಯವನಿರಬಹುದು, ನಮ್ಮ ಭಾಷೆಯವನೇ ಇರಬಹುದು, ಕಾನೂನಿಗೆ ಅದು ಸಂಬಂಧವಿಲ್ಲ. ಹಾಗೆ ಬಂದ ಹಣಕ್ಕೆ ಹೊರದೇಶದ ಗುರುತೂ ಇರುವುದಿಲ್ಲ, ವೀಸಾಕ್ಕೂ ಪ್ರಯೋಜನವಿಲ್ಲ. ಇನ್ನೊಬ್ಬರು ಏಜೆಂಟರು. ಶುಲ್ಕ ಕೊಟ್ಟರೆ ಎಂಟು ಲಕ್ಷವನ್ನು ತಾವೇ ಕೆಲವು ದಿನ ನಿಮ್ಮ ಖಾತೆಗೆ ಹಾಕಿ, ಮುದ್ರೆ ಬಿದ್ದ ಮೇಲೆ ತೆಗೆದುಕೊಳ್ಳುತ್ತಾರಂತೆ. ನಿಮ್ಮ ಪಾಸ್‌ಪೋರ್ಟಿನಲ್ಲಿ ಸುಳ್ಳಿನ ಮೇಲೆ ಒತ್ತಿದ ಮುದ್ರೆ ಕೂರುತ್ತದೆ, ಸಿಕ್ಕಿಬಿದ್ದರೆ ನಷ್ಟ ಏಜೆಂಟನದ್ದಲ್ಲ. ಅರ್ಜಿ ತುಂಬಿಸಲು, ಸರತಿಯಲ್ಲಿ ನಿಲ್ಲಲು ಏಜೆಂಟರ ಸಹಾಯ ಪಡೆಯುವುದು ಸರಿ. ಹಣ ಮಾತ್ರ ನಿಮ್ಮದೇ ಇರಲಿ.

ತೆರಿಗೆಯಲ್ಲಿ ಒಂದು ದಿನಾಂಕ ನೆನಪಿಡಿ: 2023ರ ಡಿಸೆಂಬರ್ 31. ವರ್ಷದಲ್ಲಿ 180 ದಿನ ಥಾಯ್ಲೆಂಡಿನಲ್ಲಿದ್ದವರು ಅಲ್ಲಿನ ತೆರಿಗೆ ನಿವಾಸಿಗಳು. 2024ರಿಂದ, ಹೊರಗೆ ಗಳಿಸಿದ ಆದಾಯವನ್ನು ಯಾವ ವರ್ಷ ಒಳಗೆ ತಂದರೂ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಅದಕ್ಕೂ ಹಿಂದೆ ಕೂಡಿಟ್ಟದ್ದು ಬರುವುದಿಲ್ಲ. ಹಾಗಾಗಿ ಆ ದಿನ ನಿಮ್ಮ ಭಾರತದ ಖಾತೆಗಳಲ್ಲಿ, ಠೇವಣಿಗಳಲ್ಲಿ ಎಷ್ಟಿತ್ತು ಎಂಬ ಬ್ಯಾಂಕ್ ಹೇಳಿಕೆಯನ್ನು ಈಗಲೇ ಮುದ್ರಿಸಿ ಇಟ್ಟುಕೊಳ್ಳಿ. ವೀಸಾದ ದೊಡ್ಡ ಮೊತ್ತವನ್ನು ಆ ಹಳೆಯ ಉಳಿತಾಯದಿಂದಲೇ ಕಳಿಸಿದರೆ ಗೊಂದಲವಿಲ್ಲ. ಎರಡು ದೇಶಗಳ ನಡುವೆ ದ್ವಿತೆರಿಗೆ ತಪ್ಪಿಸುವ ಒಪ್ಪಂದ ಇದೆ, ಅದರ ಪ್ರಯೋಜನವೂ ಕಾಗದ ಇದ್ದವರಿಗೇ ಸಿಗುವುದು. ಅಲ್ಲಿನ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್, ನಮ್ಮದು ಏಪ್ರಿಲಿನಿಂದ ಮಾರ್ಚ್, ಹೀಗಾಗಿ ತಿಂಗಳುವಾರು ಲೆಕ್ಕ ಬರೆದಿಡುವುದು ಅನಿವಾರ್ಯ. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ನವೆಂಬರಿನ ಜೀವನ ಪ್ರಮಾಣಪತ್ರವೂ ಇದೆ. ಈಗ ಫೋನಿನಲ್ಲಿ ಮುಖ ತೋರಿಸಿಯೂ ಆಗುತ್ತದೆ, ಬ್ಯಾಂಕಾಕಿನ ರಾಯಭಾರ ಕಚೇರಿ, ಚಿಯಾಂಗ್ ಮಾಯ್‌ನ ನಮ್ಮ ದೂತಾವಾಸಗಳೂ ಇವೆ.

ಮೊಮ್ಮಗನ ಮುಂಜಿಗೆ ಊರಿಗೆ ಹೊರಡುವ ಮುನ್ನ ರೀ-ಎಂಟ್ರಿ ಪರ್ಮಿಟ್ ಮಾಡಿಸಿ, ಒಂದು ಸಲಕ್ಕೆ 1,000 ಬಾತ್, ಹಲವು ಸಲಕ್ಕೆ 3,800. ಅದಿಲ್ಲದೆ ಗಡಿ ದಾಟಿದರೆ ಅನುಮತಿ ಅಲ್ಲಿಗೇ ರದ್ದು. ಎಂಟು ಲಕ್ಷ ಬ್ಯಾಂಕಿನಲ್ಲಿದ್ದರೂ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕು.

ಕೊನೆಗೆ, ಗಂಡಸರೆಲ್ಲ ಮುಂದೂಡುವ ಮಾತು. ಹೆಚ್ಚಿನ ದಂಪತಿಗಳಲ್ಲಿ ವೀಸಾ ಗಂಡನದು, ಹೆಂಡತಿ ಅವನ ಆಶ್ರಿತೆಯಾಗಿ ಇರುತ್ತಾಳೆ. ಖರ್ಚು ಉಳಿಯುತ್ತದೆ, ಒಪ್ಪುತ್ತೇನೆ. ಆದರೆ ಅವಳ ಅನುಮತಿ ಅವನ ಅನುಮತಿಗೆ ಕಟ್ಟಿದ್ದು. ಅವನು ಹೋದರೆ ಅವಳಿಗೆ ಅಲ್ಲಿ ಉಳಿಯುವ ಹಕ್ಕೂ ಹೋಗುತ್ತದೆ. ಅವನ ಹೆಸರಿನ ಖಾತೆಯಲ್ಲಿರುವ ಹಣ ಥಾಯ್ ನ್ಯಾಯಾಲಯದ ಆದೇಶವಿಲ್ಲದೆ ಸುಲಭವಾಗಿ ಕೈಗೆ ಬರುವುದಿಲ್ಲ. ಭಾಷೆ ಬಾರದ ಊರಿನಲ್ಲಿ, ದುಃಖದ ದಿನಗಳಲ್ಲಿ, ಆ ತಾಯಿ ಯಾವ ಕಚೇರಿಗೆ ಹೋಗಬೇಕು? ಸಾಧ್ಯವಿದ್ದವರು ಅವಳಿಗೂ ಅವಳ ಹೆಸರಿನಲ್ಲೇ ಎಂಟು ಲಕ್ಷ ಇಟ್ಟು ಪ್ರತ್ಯೇಕ ವೀಸಾ ಮಾಡಿಸಿ. ಸಾಧ್ಯವಾಗದವರು, ಥಾಯ್ಲೆಂಡಿನ ಆಸ್ತಿಗೆ ಮಾತ್ರ ಅನ್ವಯಿಸುವ ಒಂದು ಉಯಿಲನ್ನು ಅಲ್ಲಿನ ವಕೀಲರಿಂದ ಬರೆಸಿ, ಅವಳ ಹೆಸರಿನಲ್ಲಿ ಕನಿಷ್ಠ ಆರು ತಿಂಗಳ ಖರ್ಚು ಮತ್ತು ಊರಿಗೆ ಮರಳುವ ಹಣವಿರುವ ಖಾತೆ ತೆರೆಯಿರಿ. ಯಾವ ಬ್ಯಾಂಕು, ಯಾವ ಖಾತೆ, ಫೈಲು ಎಲ್ಲಿದೆ, ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು, ಅವಳ ಜೊತೆ ಕೂತು ಓದಿ, ಅವಳಿಗೆ ಅರ್ಥವಾಗಿದೆ ಎಂದು ಖಾತ್ರಿ ಮಾಡಿಕೊಳ್ಳಿ. ವಿಮಾನದ ಟಿಕೆಟ್ ಆಮೇಲೆ ಕೊಳ್ಳಿ.