ಹಿತ್ತಲಲ್ಲಿ ನಿಂತ ಹಳೇ ಕಾರು ಯಾವುದು? ಪತ್ತೆ ಹಚ್ಚುವುದು ಹೀಗೆ

ಅಜ್ಜನ ಕಾಲದ ಕಾರೋ ಜೀಪೋ ಹಿತ್ತಲಲ್ಲಿ ತುಕ್ಕು ಹಿಡಿಯುತ್ತಿದೆಯೇ? ಗುಜರಿಗೆ ಹಾಕುವ ಮುನ್ನ ಅದರ ಕಂಪನಿ, ಮಾಡೆಲ್, ವರ್ಷ ತಿಳಿದುಕೊಳ್ಳಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ಸ್ವರೂಪ ಉಳಿಸಿಕೊಂಡ ಖಾಸಗಿ ವಾಹನಕ್ಕೆ 2021ರ ಕೇಂದ್ರ ನಿಯಮದಡಿ 'ವಿಂಟೇಜ್' ನೋಂದಣಿಗೆ ಅವಕಾಶವಿದೆ.

1. ಮೊದಲು ಫೋಟೊ: ಧೂಳು ಒರೆಸಿ, ನಾಲ್ಕೂ ಕಡೆಯಿಂದ ಫೋಟೊ ತೆಗೆಯಿರಿ. ಪೇಂಟ್ ಕೆರೆಯಬೇಡಿ, ಬಿಡಿಭಾಗ ಬಿಚ್ಚಬೇಡಿ.

2. ಮುಖ ನೋಡಿ: ಒತ್ತು ತಗಡಿನ ಗ್ರಿಲ್‌ನಲ್ಲಿ 9 ಸೀಳುಗಳಿದ್ದರೆ ಅದು ಎರಡನೇ ಮಹಾಯುದ್ಧ ಕಾಲದ ಜೀಪಿನ ಲಕ್ಷಣ, ನಂತರದ ವಿಲ್ಲಿಸ್ ಸಿಜೆ ಜೀಪುಗಳಿಗೆ 7 ಸೀಳು. 1954ರ ಸುಮಾರಿನ ಫಿಯಟ್ 1100ರ ಮುಂಬಾಗಿಲಿನ ಕೀಲು ಹಿಂಬದಿಗಿದ್ದರೆ, ನಂತರದ ಪದ್ಮಿನಿ ಕಾರಿನದು ಮುಂಬದಿಗಿದೆ. ಅಂಬಾಸಿಡರ್ ರೂಪ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನದು. ಗ್ರಿಲ್‌ನಲ್ಲಿ ಸಣ್ಣ ಚೌಕುಳಿ ಇದ್ದರೆ 1960ರ ದಶಕದಲ್ಲಿ ಬಂದ ಮಾರ್ಕ್ 2 ಇರಬಹುದು. ಆದರೆ ಗ್ರಿಲ್, ದೀಪ, ಬಂಪರ್ ಬದಲಾಗಿರುವುದು ಸಾಮಾನ್ಯ. ಅಷ್ಟಕ್ಕೇ ತೀರ್ಮಾನಿಸಬೇಡಿ.

3. ಚಾಸಿ ನಂಬರ್: ಗಟ್ಟಿ ಸಾಕ್ಷಿ ಇದೇ. ಬಾನೆಟ್ ಎತ್ತಿ, ಎಂಜಿನ್ ಹಿಂದಿನ ತಗಡಿನ ಮೇಲೆ ಪ್ಲೇಟ್ ಹುಡುಕಿ. ಗ್ರೀಸ್ ಕಟ್ಟಿದ್ದರೆ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ. ಎಮರಿ ಪೇಪರ್ ಹಾಕಿ ಉಜ್ಜಿದರೆ ಅಂಕಿಯೇ ಅಳಿಸಿಹೋದೀತು. ತೆಳು ಕಾಗದ ಒತ್ತಿ ಹಿಡಿದು ಪೆನ್ಸಿಲ್ ಓರೆಯಾಗಿ ಉಜ್ಜಿ. ಕಣ್ಣಿಗೆ ಕಾಣದ ಅಂಕಿಯೂ ಮೂಡುತ್ತದೆ. 17 ಅಂಕಿ–ಅಕ್ಷರಗಳ ಪದ್ಧತಿ 1980ರ ದಶಕದ ಈಚಿನದು, ಹಳೆಯವು ಚಿಕ್ಕವು.

4. ಎಂಜಿನ್ ನಂಬರ್: ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ ಹಳೇ ಕಾರುಗಳು ಬಹಳ. ಆರ್‌ಸಿ ಜೊತೆ ಹೋಲಿಸಿ ನೋಡಿ.

5. ದಾಖಲೆ: ಆರ್‌ಸಿ ಕಳೆದಿದ್ದರೆ ನಂಬರ್ ಹಿಡಿದು ಆರ್‌ಟಿಒ ಕಚೇರಿಯಲ್ಲಿ ಬಿ ಎಕ್ಸ್‌ಟ್ರಾಕ್ಟ್ (ನೋಂದಣಿ ವಿವರದ ಪ್ರತಿ) ಕೇಳಿ. ಊರಿನ ಜಿಲ್ಲೆ ಬದಲಾಗಿದ್ದರೆ ಹಳೇ ದಾಖಲೆ ಬೇರೆ ಕಚೇರಿಯಲ್ಲಿರಬಹುದು. ಉದಾಹರಣೆಗೆ, ಹರಪನಹಳ್ಳಿ 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ, 2018ರವರೆಗೆ ದಾವಣಗೆರೆಯಲ್ಲಿತ್ತು. 2021ರಿಂದ ವಿಜಯನಗರಕ್ಕೆ ಸೇರಿದೆ. ಹಾಗಾಗಿ ಅಲ್ಲಿನ ಹಳೇ ಕಾರಿಗೆ ಮೊದಲು ಬಳ್ಳಾರಿಯಲ್ಲಿ, ಆಮೇಲೆ ದಾವಣಗೆರೆ, ಹೊಸಪೇಟೆಯಲ್ಲಿ ವಿಚಾರಿಸಿ. 1953ರವರೆಗೆ ಬಳ್ಳಾರಿ ಮದ್ರಾಸಿಗೆ ಸೇರಿದ್ದರಿಂದ, ಅದಕ್ಕೂ ಹಿಂದಿನ ವಾಹನದ ಮೇಲೆ ಮದ್ರಾಸ್ ನಂಬರ್ ಇರಬಹುದು.

ಗುರುತು ಖಚಿತವಾದರೆ ಫಾರ್ಮ್ 20ರಲ್ಲಿ ಅರ್ಜಿ ಹಾಕಿ. ಹೊಸ ವಿಂಟೇಜ್ ನೋಂದಣಿಗೆ ₹20,000 ಶುಲ್ಕ, 10 ವರ್ಷ ಮಾನ್ಯತೆ, 'ವಿಎ' ಅಕ್ಷರಗಳ ನಂಬರ್. ನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಗುಜರಿಗೆ ಕೊಟ್ಟರೆ ಕಬ್ಬಿಣದ ತೂಕದ ಬೆಲೆಯಷ್ಟೇ ಸಿಕ್ಕೀತು. ಮನೆತನದ ಕಾರು ಮರಳಿ ಬಾರದು. ಮಾರುವ ಮಾತಿಗೆ ಮೊದಲು ಚಾಸಿ ನಂಬರ್ ಬರೆದಿಟ್ಟುಕೊಳ್ಳಿ.